ಬೂದುಗುಂಬಳದ ಅಳತೆ, ಅಜ್ಜಿಯ ಜೇಬು

ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಕೈಕೊಟ್ಟ ವರ್ಷ ಅಪ್ಪ ನನ್ನನ್ನು ಹೊಲಿಗೆ ತರಗತಿಗೆ ಸೇರಿಸಿದರು. ಗಣಿತ ಹತ್ತದ ಹುಡುಗಿಗೆ ಹೊಲಿಗೆಯಾದರೂ ಹತ್ತೀತು ಎಂಬುದು ಅವರ ನಂಬಿಕೆ. ಹೊಲಿಗೆ ಎಂದರೆ ಎದೆಸುತ್ತಳತೆಯ ನಾಲ್ಕನೇ ಒಂದು, ಆರನೇ ಒಂದು, ಹನ್ನೆರಡನೇ ಒಂದು ಎಂದು ಬೆಳಗಿನಿಂದ ಸಂಜೆಯವರೆಗೆ ಭಿನ್ನರಾಶಿಯನ್ನೇ ಕತ್ತರಿಸುವ ಕೆಲಸ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಅವರೇ ಮೇಷ್ಟರು, ಅವರಿಗೆ ಯಾರು ಹೇಳಬೇಕು! ನನಗೆ ಸೇರಿದ ಮೊದಲ ದಿನವೇ ಗೊತ್ತಾಯಿತು. ಮನೆಗೆ ಬಂದು ಬಾಯಿ ಬಿಡಲಿಲ್ಲ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಶಿಡ್ಲಘಟ್ಟದ ಪೇಟೆಯ ಹಿಂದೆ, ರೇಷ್ಮೆಗೂಡು ಬೇಯಿಸುವ ವಾಸನೆ ಕಿಟಕಿಯಿಂದ ಬಂದು ಬಾಗಿಲಿಂದ ಹೋಗುತ್ತಿದ್ದ ಒಂದು ಹಳೆಯ ಮನೆಯ ಪಡಸಾಲೆಯಲ್ಲಿ ನಮ್ಮ ತರಗತಿ. ಹನ್ನೊಂದು ಹುಡುಗಿಯರು, ಒಂದೇ ಒಂದು ಹೊಲಿಗೆ ಮಿಷನ್. ಅದರ ಮುಂದೆ ಕೂರುವ ಸರದಿ ಎರಡು ದಿನಕ್ಕೊಮ್ಮೆ ಬಂದರೆ ಪುಣ್ಯ. ಉಳಿದ ಹೊತ್ತೆಲ್ಲ ಹಳೆಯ ಪತ್ರಿಕೆಗಳನ್ನು ಕತ್ತರಿಸಿ ಕಾಗದದ ರವಿಕೆ ಮಾಡುತ್ತಿದ್ದೆವು. ನನ್ನ ಮೊದಲ ರವಿಕೆಯ ಬೆನ್ನ ಮೇಲೆ ಮಂತ್ರಿಯೊಬ್ಬರು ಅಣೆಕಟ್ಟೆ ಉದ್ಘಾಟಿಸುತ್ತಿದ್ದರು. ಕಂಕುಳ ಕತ್ತರಿಸುವಾಗ ಅವರ ತಲೆ ಹೋಯಿತು.

ನಮ್ಮ ಟೀಚರು ಮೈಸೂರಿನಲ್ಲಿ ಡಿಪ್ಲೊಮಾ ಮಾಡಿ ಬಂದವರು. ಎತ್ತರದ ತೆಳ್ಳನೆಯ ಹೆಂಗಸು. ಕುತ್ತಿಗೆಯಲ್ಲಿ ಸರ ಇರಬೇಕಾದ ಕಡೆ ಸದಾ ಅಳತೆಯ ಟೇಪು ನೇತಾಡುತ್ತಿತ್ತು. ಅವರು ಒಂದು ಮಾತನ್ನು ಗಟ್ಟಿಯಾಗಿ ನಂಬಿದ್ದರು.

"ಇಲ್ಲಿ ಕೂತ್ಕೊಂಡು ಹೊಲಿದ್ರೆ ಹತ್ತು ವರ್ಷಕ್ಕೆ ಕಲಿಯೋದನ್ನ ಒಂದು ಸ್ಪರ್ಧೆಗೆ ಹೋಗಿ ಒಂದೇ ದಿನಕ್ಕೆ ಕಲಿತೀರ ಕಣ್ರೇ. ನಾಲ್ಕು ಜನರ ಮುಂದೆ ಮಾನ ಹೋಯ್ತು ಅಂತಿಟ್ಕೊಳ್ಳಿ, ಆ ತಪ್ಪು ಸಾಯೋವರೆಗೂ ಮರೆಯಲ್ಲ."

ಆ ಕಾಲಕ್ಕೆ ಸುತ್ತಲಿನ ಊರುಗಳ ಮಹಿಳಾ ಸಮಾಜಗಳಲ್ಲಿ ಸ್ಪರ್ಧೆ ನಡೆಸುವ ಹುಮ್ಮಸ್ಸು ಬಹಳ ಇತ್ತು. ರಂಗೋಲಿ, ಕಸೂತಿ, ಹೂ ಕಟ್ಟುವುದು, ಕೊನೆಗೆ ಉಡುಪು. ಟೀಚರು ಉಡುಪಿನ ಸ್ಪರ್ಧೆಗಳ ಸುದ್ದಿಯನ್ನು ಅದೆಲ್ಲಿಂದಲೋ ಪತ್ತೆಮಾಡಿ ತಂದು ಹಲಗೆಯ ಮೇಲೆ ಬರೆಯುತ್ತಿದ್ದರು. ಹೆಸರು ಕೊಡಲು ಮೊದಲು ಕೈ ಎತ್ತುತ್ತಿದ್ದವಳು ನಾನು. ಜಾಣೆ ಎಂದಲ್ಲ. ಬಸ್ಸಿನಲ್ಲಿ ಬೇರೆ ಊರಿಗೆ ಹೋಗಬಹುದಲ್ಲ ಎಂದು.

ಮೊದಲ ಸ್ಪರ್ಧೆ ಚಿಂತಾಮಣಿಯಲ್ಲಿ. ವರ್ಷ ತುಂಬದ ಮಗುವಿಗೆ ಒಂದು ಅಂಗಿ. ಮನೆಯಲ್ಲಿ ಹೊಲಿದು ತರಬೇಕು, ಅಲ್ಲಿ ಮಗುವಿಗೆ ತೊಡಿಸಿ ನೋಡುತ್ತಾರೆ.

ನಮ್ಮ ಮನೆಯಲ್ಲಿ ಆಗ ಮಗು ಇರಲಿಲ್ಲ. ಪಕ್ಕದ ಮನೆಯ ಮಗುವಿನ ಅಳತೆ ತೆಗೆಯಲು ಹೋದರೆ ಅದು ಟೇಪಿನ ತುದಿಯನ್ನು ಬಾಯಿಗೆ ಹಾಕಿಕೊಂಡು ನಾಲ್ಕು ಅಂಗುಲ ಒದ್ದೆ ಮಾಡಿತು. ಕಿತ್ತುಕೊಂಡರೆ ಚೀರಿತು. ಅದರಮ್ಮ, "ಸಾಕು ಬಿಡಮ್ಮ, ಮಗು ಹೆದರ್ಕೊಳ್ತದೆ" ಎಂದು ಬಾಗಿಲು ಹಾಕಿಕೊಂಡರು. ಪೆಚ್ಚುಮೋರೆ ಹಾಕಿಕೊಂಡು ವಾಪಸು ಬಂದವಳ ಕಣ್ಣಿಗೆ ಅಟ್ಟದ ಮೇಲೆ ಸಾಲಾಗಿ ಕೂತಿದ್ದ ಬೂದುಗುಂಬಳಕಾಯಿಗಳು ಬಿದ್ದವು. ಅದರಲ್ಲಿ ಒಂದು ಗಾತ್ರದಲ್ಲಿ, ತೂಕದಲ್ಲಿ, ಹೊಟ್ಟೆಯ ಉಬ್ಬಿನಲ್ಲಿ ಎಂಟು ತಿಂಗಳ ಮಗುವಿನ ಹಾಗೇ ಇತ್ತು. ಟೇಪು ತಿನ್ನುವುದಿಲ್ಲ, ಅಳುವುದಿಲ್ಲ, ಎಷ್ಟು ಹೊತ್ತು ಬೇಕಾದರೂ ಕೂರುತ್ತದೆ. ಅದನ್ನು ಇಳಿಸಿ ತೊಡೆಯ ಮೇಲಿಟ್ಟುಕೊಂಡು ಅಳತೆ ತೆಗೆದೆ.

ನಾಲ್ಕು ದಿನ ಕೂತು ಹೊಲಿದೆ. ಬಿಳಿ ವಾಯಿಲ್ ಬಟ್ಟೆ, ಕೆಳಗೆ ನಿರಿಗೆ, ಅಂಚಿಗೆ ನೀಲಿ ದಾರದ ಕಸೂತಿ. ದಿನಕ್ಕೆ ಹತ್ತು ಸಲ ಕುಂಬಳಕಾಯಿಗೆ ತೊಡಿಸಿ ನೋಡಿದೆ. ಕುತ್ತಿಗೆಯಂತೂ ತೊಟ್ಟಿನ ಸುತ್ತ ಗುಂಡಿ ಹಾಕಿದಂತೆ ಕೂತಿತು. ನಾಲ್ಕನೆಯ ದಿನ ಹಾಗೇ ತೊಡಿಸಿ ಅಡುಗೆಮನೆಯ ಮೂಲೆಯಲ್ಲಿಟ್ಟು ನೀರು ಸೇದಲು ಹೋದಾಗ ಅಜ್ಜಿ ಒಳಗೆ ಬಂದರು.

"ಅಯ್ಯೋ ನಮ್ಮಪ್ಪ! ಯಾರೇ ಇದು ಕೂಸನ್ನ ಬರೀ ನೆಲದ ಮೇಲೆ ಕೂರ್ಸಿರೋದು?" ಎಂದು ಕೂಗಿ, ಎತ್ತಿಕೊಂಡು, ಎದೆಗವಚಿಕೊಂಡ ಮೇಲೆಯೇ ಅವರಿಗೆ ವಿಷಯ ಗೊತ್ತಾದದ್ದು. ಮೈಗೆಲ್ಲ ಕುಂಬಳದ ಬೂದಿ ಬೇರೆ. ಆಮೇಲೆ ಬಹಳ ದಿನ ಅವರು ಹುಳಿಗೆ ಆ ಕಾಯಿಯನ್ನು ಹೆಚ್ಚಲು ಒಪ್ಪಲಿಲ್ಲ. "ಎತ್ತಾಡ್ಸಿದ್ದು ಕಣೇ, ಹೆಂಗೆ ಹೆಚ್ಚೋದು" ಎನ್ನುತ್ತಿದ್ದರು.

ಚಿಂತಾಮಣಿಗೆ ಟೀಚರ ಜೊತೆ ನಾನು, ನನ್ನ ಗೆಳತಿ ಇಬ್ಬರೇ ಹೋದೆವು. ಗೆಳತಿ ದುಂಡು ಮುಖದ, ಯಾವುದಕ್ಕೂ ಗಾಬರಿಯಾಗದ ಹುಡುಗಿ. ಮನೆಮಾತು ತೆಲುಗು. ಅವಳಿಗೆ ಹೊಲಿಗೆಯಲ್ಲಿ ಅಂಥ ಆಸಕ್ತಿಯೇನಿರಲಿಲ್ಲ. ಬುತ್ತಿ ಕಟ್ಟಿಕೊಂಡು ಹೋಗುವುದರಲ್ಲಿ ಇತ್ತು.

ಶಾಲೆಯೊಂದರ ಹಾಲಿನಲ್ಲಿ ಸ್ಪರ್ಧೆ. ತೊಡಿಸಿ ನೋಡಲು ಮಗು ತರುತ್ತೇವೆ ಎಂದಿದ್ದ ಸಮಾಜದವರ ಮಗುವಿಗೆ ಅವತ್ತೇ ಜ್ವರ. ಯಾರೋ ಬಸ್‌ಸ್ಟ್ಯಾಂಡಿಗೆ ಓಡಿ, ಮುರುಗಮಲ್ಲದ ದರ್ಗಾಕ್ಕೆ ಹೋಗಲು ಬಸ್ಸು ಕಾಯುತ್ತಿದ್ದ ಒಬ್ಬ ತಾಯಿಯನ್ನು, ಬಾಳೆಹಣ್ಣಿನ ಆಸೆ ತೋರಿಸಿ, ಮಗುವಿನ ಸಮೇತ ಕರೆತಂದರು. ಒಳ್ಳೆಯ ಮಗು. ಮೊದಲ ಐದು ಅಂಗಿಗಳನ್ನು ನಗುನಗುತ್ತಾ ತೊಡಿಸಿಕೊಂಡಿತು. ಆರನೆಯದು ನನ್ನದು.

ತೀರ್ಪುಗಾರರು ಕನ್ನಡಕದ ದಪ್ಪ ಹೆಂಗಸು. ನನ್ನ ಕಸೂತಿಯನ್ನು ಬೆಳಕಿಗೆ ಹಿಡಿದು ನೋಡಿ ತಲೆದೂಗಿದರು. ಆಮೇಲೆ ಅಂಗಿಯನ್ನು ಮಗುವಿನ ತಲೆಯ ಮೇಲಿಂದ ಇಳಿಸಿದರು. ಇಳಿಯಲಿಲ್ಲ. ಸ್ವಲ್ಪ ಎಳೆದರು. ಹಣೆಯವರೆಗೆ ಬಂತು. ಇನ್ನೂ ಸ್ವಲ್ಪ ಎಳೆದರು. ಮೂಗಿನವರೆಗೆ ಬಂದು ಅಲ್ಲೇ ನಿಂತಿತು. ಈಗ ಕೆಳಕ್ಕೂ ಬರುತ್ತಿಲ್ಲ, ಮೇಲಕ್ಕೂ ಹೋಗುತ್ತಿಲ್ಲ. ಮಗು ಒಳಗಿಂದಲೇ ಊರು ಎದ್ದೇಳುವ ಹಾಗೆ ಕಿರುಚಿತು.

"ಯಾ ಅಲ್ಲಾ! ನನ್ ಮಗೂ ಮುಖ ಎಲ್ಲಮ್ಮಾ?" ಎಂದು ತಾಯಿ ಎದ್ದು ಬಂದಳು.

ಸಮಾಜದ ನಾಲ್ಕು ಜನ ನಾಲ್ಕು ಕಡೆ ಹಿಡಿದರು. ಕೊನೆಗೆ ನಮ್ಮ ಟೀಚರು ಸೊಂಟದಲ್ಲಿದ್ದ ಕತ್ತರಿ ತೆಗೆದು, ನನ್ನ ನಾಲ್ಕು ದಿನದ ಕೆಲಸವನ್ನು ಕುತ್ತಿಗೆಯಿಂದ ಕೆಳಗಿನವರೆಗೆ ಒಂದೇ ಸಲಕ್ಕೆ ಸೀಳಿದರು. ಮಗುವಿನ ಮುಖ ಹೊರಗೆ ಬಂತು. ಕೆಂಪಗೆ, ಬೆವರಿ, ನನ್ನನ್ನೇ ಹುಡುಕಿ ನೋಡುವ ಹಾಗೆ.

ತೀರ್ಪುಗಾರರು ಕನ್ನಡಕ ಸರಿಮಾಡಿಕೊಂಡು ಎಲ್ಲರಿಗೂ ಕೇಳುವಂತೆ ಹೇಳಿದರು. "ಕೈಹೊಲಿಗೆ ತುಂಬಾ ಚೆನ್ನಾಗಿದೆ. ಆದ್ರೆ ಮಗೂಗೆ ತಲೆ ಅನ್ನೋದೊಂದು ಇರುತ್ತೆ ಅಂತ ಈ ಹುಡುಗಿ ಯೋಚನೆ ಮಾಡಿಲ್ಲ."

ಹಾಲೆಲ್ಲ ನಕ್ಕಿತು. ನನ್ನ ಗೆಳತಿ ಎಲ್ಲರಿಗಿಂತ ಜೋರಾಗಿ ನಕ್ಕಳು. ಆ ತಾಯಿ ಮಾತ್ರ ನಗಲಿಲ್ಲ. ಸೀಳಿದ ಅಂಗಿಯನ್ನು ಎತ್ತಿಕೊಂಡು ಮುಂದೆ ತೆರೆದ ಕೋಟಿನ ಹಾಗೆ ಮಗುವಿಗೆ ತೊಡಿಸಿ ನೋಡಿ, "ಈಗ ಸರಿಯಾಗಿದೆಯಮ್ಮ, ಇದನ್ನ ನಾನೇ ತಗೊಂಡ್ಹೋಗ್ಲಾ?" ಎಂದಳು. ಮಗು ನೀಲಿ ಕಸೂತಿಯ ಕೋಟು ತೊಟ್ಟು ಮುರುಗಮಲ್ಲದ ಬಸ್ಸು ಹತ್ತಿತು.

ವಾಪಸು ಬರುವಾಗ ಟೀಚರು ಬಸ್ಸಿನಲ್ಲಿ ನನ್ನ ಪಕ್ಕಕ್ಕೇ ಬಂದು ಕೂತರು. ಆಮೇಲೆ ಕೇಳಿದರು.

"ಏನು ಕಲಿತೆ?"

"ತಲೆ ಇರತ್ತೆ ಟೀಚರ್."

"ಪುಸ್ತಕ ತೆಗಿ. ಬರ್ಕೋ."

ಕುಲುಕುವ ಬಸ್ಸಿನಲ್ಲೇ ಬರೆದುಕೊಂಡೆ. ಹಿಂದೆ ಸೀಳು, ಎರಡು ಗುಂಡಿ, ಎರಡು ಕಾಜ. ಅದಾದ ಮೇಲೆ ನಾನು ಹೊಲಿದ ಯಾವ ಬಟ್ಟೆಯೂ ಯಾರ ತಲೆಗೂ ಸಿಕ್ಕಿಕೊಂಡದ್ದಿಲ್ಲ.

ಗೌರಿಬಿದನೂರಿನ ಸ್ಪರ್ಧೆ ಬಂದಾಗ ನಾನು ಹುಷಾರಾಗಿದ್ದೆ. ವಿಷಯ, ಹೊಸ ಫ್ಯಾಷನ್ನಿನ ರವಿಕೆ. ಆ ವರ್ಷ ಬುಗ್ಗೆ ತೋಳಿನ ಹುಚ್ಚು ನಮ್ಮ ಕಡೆಗೂ ಬಂದಿತ್ತು. ಭುಜದ ಹತ್ತಿರ ಬಲೂನಿನಂತೆ ಉಬ್ಬಿ, ಕೆಳಗೆ ಬಿಗಿಯಾಗುವ ತೋಳು. ತೊಟ್ಟು ತೋರಿಸಲು ಗೆಳತಿ ಒಪ್ಪಿದಳು. ಅವಳಿಗೆ ಮಂಚೇನಹಳ್ಳಿಯಲ್ಲಿ ಬಸ್ಸು ನಿಲ್ಲುವಾಗ ಸಿಗುವ ಬೋಂಡಾದ ಮೇಲೆ ಮೊದಲಿನಿಂದಲೂ ಕಣ್ಣಿತ್ತು. ಈ ಸಲ ಅಳತೆಯನ್ನು ಅವಳ ಮೈಮೇಲೆಯೇ ತೆಗೆದೆ. ಎರಡೆರಡು ಸಲ.

ಬುಗ್ಗೆ ನೆಟ್ಟಗೆ ನಿಲ್ಲಲು ಗಂಜಿ ಬೇಕು. ಮನೆಯಲ್ಲಿ ಅನ್ನದ ಗಂಜಿ ಬಸಿದು, ತೋಳುಗಳನ್ನು ಅದ್ದಿ, ಒಣಗಿಸಲು ಗುಂಡಗಿನ ಜಾಗ ಹುಡುಕಿದೆ. ಅಜ್ಜಿ ಹಿತ್ತಿಲ ಕೋಣೆಯಲ್ಲಿ ರೇಷ್ಮೆಹುಳ ಸಾಕುತ್ತಿದ್ದರು. ಹಣ್ಣಾದ ಹುಳಗಳನ್ನು ಗೂಡು ಕಟ್ಟಲು ಬಿಡುವ ದೊಡ್ಡ ಬಿದಿರಿನ ತಟ್ಟೆಗೆ ಚಂದ್ರಿಕೆ ಎನ್ನುತ್ತಾರೆ. ಸುರುಳಿ ಸುರುಳಿಯಾಗಿ ಬಿದಿರಿನ ಪಟ್ಟಿ ಹೆಣೆದಿರುತ್ತದೆ. ಗೋಡೆಗೆ ಒರಗಿಸಿದ್ದ ಒಂದರ ಮೇಲೆ ನನ್ನ ರವಿಕೆ ಹರಡಿದರೆ ತೋಳುಗಳು ಹೇಳಿ ಮಾಡಿಸಿದ ಹಾಗೆ ಕೂತವು. ಅದರಲ್ಲಿ ಹುಳ ಇದೆಯೇ ಎಂದು ನೋಡುವ ವ್ಯವಧಾನ ನನಗೆಲ್ಲಿ?

ಮೂರನೆಯ ದಿನ ಅಜ್ಜಿಯ ಕೂಗು ಕೇಳಿ ಓಡಿದೆ.

"ಲೇ, ಹುಳದ ಮನೇಗೆ ಗಂಜಿ ಬಟ್ಟೆ ತಂದಾಕ್ತಾರೇನೇ? ನಿನ್ ಬುದ್ಧಿ ಮಣ್ಣು ತಿಂತಾ ಐತಾ?"

ರವಿಕೆಯ ಮೇಲೆಲ್ಲ ಏಳೆಂಟು ಹುಳ ಹತ್ತಿ ಗೂಡು ಕಟ್ಟಿದ್ದವು. ಅಜ್ಜಿ ಬೈಯುತ್ತಲೇ ಒಂದೊಂದಾಗಿ ಬಿಡಿಸಿಕೊಂಡರು. ನಾನು ರವಿಕೆಯನ್ನು ಕಸಿದುಕೊಂಡು, ಮಡಿಸಿದರೆ ಬುಗ್ಗೆ ಬಾಡುತ್ತದೆಂದು ಹಾಗೆಯೇ ಟ್ರಂಕಿನಲ್ಲಿ ಮಲಗಿಸಿದೆ. ಎಡತೋಳು ಬಲತೋಳಿಗಿಂತ ಗಟ್ಟಿಯಾಗಿ ನಿಂತಿತ್ತು. ಗಂಜಿ ಆ ಕಡೆ ಚೆನ್ನಾಗಿ ಹಿಡಿದಿದೆ ಎಂದು ಸಂತೋಷಪಟ್ಟೆ. ಎಡತೋಳಿನ ಒಳಗೆ, ಮಡಿಕೆಯ ಸಂದಿನಲ್ಲಿ, ಒಂದು ಗೂಡು ಉಳಿದುಹೋಗಿದೆ ಎಂಬುದು ಅಜ್ಜಿಗೂ ಕಾಣಲಿಲ್ಲ, ನನಗೂ ಹೊಳೆಯಲಿಲ್ಲ.

ಸ್ಪರ್ಧೆಗೆ ಇನ್ನೂ ಹತ್ತು ದಿನವಿತ್ತು. ಗೂಡಿನೊಳಗಿನ ಹುಳ ಚಿಟ್ಟೆಯಾಗಿ ಹೊರಗೆ ಬರಲು ಬೇಕಾದದ್ದೂ ಹೆಚ್ಚುಕಡಿಮೆ ಅಷ್ಟೇ ದಿನ.

ಬೆಳಗಿನ ಮೊದಲ ಬಸ್ಸು ಹಿಡಿದು ಹೋದೆವು. ಮಂಚೇನಹಳ್ಳಿಯ ಬೋಂಡಾ ಗೆಳತಿಯ ನಿರೀಕ್ಷೆಯ ಮಟ್ಟಕ್ಕೆ ಬಂದಿತು. ಗೌರಿಬಿದನೂರು ಸೇರಿ, ಅವಳು ರವಿಕೆ ತೊಟ್ಟು ಸಾಲಿನಲ್ಲಿ ನಿಂತಳು. ಬಸ್ಸಿನ ಸೆಖೆಗೆ ಬಲತೋಳಿನ ಗಂಜಿ ಕರಗಿ, ಬುಗ್ಗೆ ಒದ್ದೆ ಅಪ್ಪಳದಂತೆ ಜೋತುಬಿದ್ದಿತ್ತು. ಎಡತೋಳು ಮಾತ್ರ ಠೀವಿಯಿಂದ ನಿಂತಿತ್ತು.

ಅಲ್ಲಿನ ತೀರ್ಪುಗಾರರು ಬೆಂಗಳೂರಿನಿಂದ ಬಂದವರು. ಪೆನ್ಸಿಲು ಹಿಡಿದು ಒಬ್ಬೊಬ್ಬರನ್ನೇ ನೋಡುತ್ತಾ ಬಂದು ನನ್ನ ಗೆಳತಿಯ ಮುಂದೆ ನಿಂತರು.

"ಇದೇನಮ್ಮ, ಒಂದು ಕಡೆ ಎದ್ದಿದೆ, ಒಂದು ಕಡೆ ಬಿದ್ದಿದೆ?"

ಗೆಳತಿ ಕಣ್ಣು ಮಿಟುಕಿಸದೆ ಹೇಳಿದಳು. "ಅದೇ ಫ್ಯಾಷನ್ನು ಮೇಡಂ. ಎಡಗಡೆ ಮಾತ್ರ. ಬಲಗೈಲಿ ಕೆಲ್ಸ ಮಾಡ್ಬೇಕಲ್ಲ."

ಅವರಿಗೆ ಆ ಉತ್ತರ ಹಿಡಿಸಿತೋ ಏನೋ, ಬರೆದುಕೊಂಡರು. ಆಮೇಲೆ ಬಗ್ಗಿ ಎಡಭುಜವನ್ನು ಹತ್ತಿರದಿಂದ ನೋಡಿದರು. ತೋಳಿನ ನಿರಿಗೆಯ ಮೇಲೆ ಹಾಲುಬಣ್ಣದ, ಮೆತ್ತನೆಯ, ರೆಕ್ಕೆ ಬಿಚ್ಚಿದ ಒಂದು ಚಿಟ್ಟೆ ಕೂತಿತ್ತು.

"ಅರೆ, ಎಷ್ಟು ಚೆನ್ನಾಗಿದೆ! ಇದನ್ನ ಯಾವುದರಲ್ಲಿ ಮಾಡಿದ್ದು? ರೇಷ್ಮೆ ದಾರದಲ್ಲಾ?"

"ನಾನು ಮಾಡಿಲ್ಲ" ಎಂದು ನಾನು ನಿಜವನ್ನೇ ಹೇಳಿದೆ. ಅವರು ಅದನ್ನು ವಿನಯ ಎಂದುಕೊಂಡು, ನಕ್ಕು, ಪೆನ್ಸಿಲಿನ ತುದಿಯಿಂದ ಮೃದುವಾಗಿ ಮುಟ್ಟಿದರು. ಚಿಟ್ಟೆ ರೆಕ್ಕೆಗಳನ್ನು ಗಡಗಡ ನಡುಗಿಸಿ, ಪೆನ್ಸಿಲನ್ನು ಹತ್ತಿ, ಅವರ ಬೆರಳಿನ ಕಡೆಗೆ ನಡೆಯತೊಡಗಿತು.

ಬೆಂಗಳೂರಿನವರು ಅಷ್ಟು ಜೋರಾಗಿ ಕಿರುಚಬಲ್ಲರೆಂದು ನನಗೆ ಅವತ್ತೇ ಗೊತ್ತಾದದ್ದು. ಪೆನ್ಸಿಲು ಒಂದು ಕಡೆ, ಅಂಕದ ಹಾಳೆ ಒಂದು ಕಡೆ. ಪಕ್ಕದಲ್ಲಿದ್ದ ಹುಡುಗಿಯರೆಲ್ಲ ಬೆಂಚು ಹತ್ತಿದರು. ಗೆಳತಿ ಬಗ್ಗಿ ಚಿಟ್ಟೆಯನ್ನು ಅಂಗೈಗೆ ಎತ್ತಿಕೊಂಡು, "ಏನೂ ಮಾಡಲ್ಲ ಮೇಡಂ, ಹಾರಕ್ಕೂ ಬರಲ್ಲ ಅದಕ್ಕೆ. ನಮ್ಮೂರಿಂದು" ಎಂದು ಸಮಾಧಾನ ಹೇಳಿದಳು.

ಬಹುಮಾನ ಬರಲಿಲ್ಲ. ಆದರೆ ಮುಂದೆ ಒಂದೆರಡು ತಿಂಗಳಿಗೆ ಟೀಚರು ಏನೋ ಕೆಲಸಕ್ಕೆ ಗೌರಿಬಿದನೂರಿಗೆ ಹೋಗಿಬಂದು, "ಲೇ, ಅಲ್ಲಿ ಇಬ್ರು ಹುಡುಗೀರು ಎಡಗಡೆ ಮಾತ್ರ ಬುಗ್ಗೆ ಇಟ್ಕೊಂಡು ಓಡಾಡ್ತಾ ಇದ್ರು ಕಣೇ!" ಎಂದರು. ಅವರಿಗೆ ನಗಬೇಕೋ ಅಳಬೇಕೋ ತಿಳಿದಂತಿರಲಿಲ್ಲ. ನನ್ನ ಪುಸ್ತಕದಲ್ಲಿ ಮಾತ್ರ ಬೇರೆ ಬರೆಸಿದ್ದರು. ಬುಗ್ಗೆಗೆ ಗಂಜಿ ನಂಬಬಾರದು, ಒಳಗೆ ಗಟ್ಟಿ ಬಟ್ಟೆಯ ಪಟ್ಟಿ ಇಡಬೇಕು. ಹೊಲಿದದ್ದನ್ನು ಒಳಗೂ ಹೊರಗೂ ನೋಡಬೇಕು.

ಚಿಟ್ಟೆಯ ಸುದ್ದಿ ಗೆಳತಿಯ ತಾಯಿಗೆ ಮುಟ್ಟಿತು. ಅವರು ನಮ್ಮ ಮನೆಯ ಬಾಗಿಲಿಗೇ ಬಂದು, "ನಾ ಕೂತುರು ಒಂಟಿ ಮೀದ ಪುರುಗಾ? ನನ್ ಮಗಳ ಮೈಮೇಲೆ ಹುಳ ಬಿಡ್ತೀಯಾ? ಇನ್ಮೇಲೆ ನಿನ್ ಬಟ್ಟೆ ಅವಳು ಮುಟ್ಟಲ್ಲ" ಎಂದು ಘೋಷಿಸಿ ಹೋದರು. ಗೆಳತಿ ಅವರ ಬೆನ್ನ ಹಿಂದೆ ನಿಂತು ನನಗೆ ಕೈಸನ್ನೆಯಲ್ಲಿ ಬೋಂಡಾದ ಆಕಾರ ತೋರಿಸಿ ತುಟಿ ಉಬ್ಬಿಸಿದಳು.

ಹೀಗಾಗಿ ಚಿಕ್ಕಬಳ್ಳಾಪುರದ ದೊಡ್ಡ ಸ್ಪರ್ಧೆಗೆ ನನ್ನ ಬಟ್ಟೆ ತೊಡುವವರೇ ಇಲ್ಲವಾದರು. ತರಗತಿಯ ಉಳಿದ ಒಂಬತ್ತು ಹುಡುಗಿಯರನ್ನೂ ಕೇಳಿದೆ. ಒಬ್ಬೊಬ್ಬರಿಗೂ ಒಂದೊಂದು ಕಾರಣ. ಒಬ್ಬಳು ಮಾತ್ರ ನೇರವಾಗಿ, "ಒಳಗೇನಿದೆ ಅಂತ ಯಾರು ನೋಡಿದಾರೆ?" ಎಂದಳು.

ಸ್ಪರ್ಧೆಯ ವಿಷಯ ಇಂದಿನ ಮಹಿಳೆಗೆ ಅನುಕೂಲವಾದ ಉಡುಪು. ತೊಟ್ಟವರು ವೇದಿಕೆಯ ಮೇಲೆ ನಡೆಯಬೇಕು, ಹೊಲಿದವರು ವಿವರಿಸಬೇಕು. ಸಂಜೆ ಜಗುಲಿಯಲ್ಲಿ ಕೂತು ನಾನು ಅಳುಮೋರೆ ಮಾಡಿಕೊಂಡು ಹೇಳುತ್ತಿದ್ದಾಗ ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಿದ್ದರು.

"ನಾನ್ ಬರ್ತೀನಿ ಬಿಡು" ಎಂದರು.

"ಅಜ್ಜಿ, ಇಂದಿನ ಮಹಿಳೆ ಅಂತ ಹೇಳಿದಾರೆ."

"ಯಾಕೆ, ನಾನೇನ್ ನಿನ್ನೆ ಸತ್ತೋದ್ನಾ?"

ಮರುದಿನ ಟೀಚರು ನನ್ನ ಹೆಸರಿನ ಮುಂದೆ ಅಜ್ಜಿಯ ಹೆಸರನ್ನೂ ಬರೆದುಕೊಂಡರು.

ಅಜ್ಜಿ ಹುಟ್ಟಿದಾಗಿನಿಂದ ತೊಟ್ಟದ್ದು ಮುಂದೆ ಗಂಟು ಹಾಕುವ ಕುಪ್ಪಸ. ಗುಂಡಿಯನ್ನು ಅವರು ನಂಬುತ್ತಿರಲಿಲ್ಲ. "ಗಂಟಾದ್ರೆ ನಾವು ಹೇಳ್ದಂಗೆ ಕೇಳ್ತೈತೆ" ಎನ್ನುತ್ತಿದ್ದರು. ಹೊಸ ರವಿಕೆಗೆ ಅವರು ಒಡ್ಡಿದ ಷರತ್ತು ಒಂದೇ. ಅವರ ಎಲೆಯಡಿಕೆ ಚೀಲ ದಿನಕ್ಕೆ ಮೂರು ಸಲ ಸೊಂಟದಿಂದ ಜಾರಿ ಕಳೆದುಹೋಗುತ್ತಿತ್ತು, ಮನೆಯವರೆಲ್ಲ ಹುಡುಕಬೇಕಾಗುತ್ತಿತ್ತು.

"ಗಂಡಸರಿಗೆ ಅಂಗಿಗೆ ನಾಕು ಜೇಬು. ಅವ್ರು ಅದ್ರಲ್ಲಿ ಇಟ್ಕೊಳ್ಳೋದು ಏನೈತೆ, ಬೀಡಿ! ನನಗೆ ಒಂದಾದ್ರೂ ಇಡು."

ಸರಿ, ಎಡಪಕ್ಕೆಗೆ ಸೆರಗಿನ ಮರೆಯಲ್ಲಿ ಒಂದು ಜೇಬು ಎಂದು ನಿಶ್ಚಯವಾಯಿತು. ಅಳತೆ ತೆಗೆಯಲು ನಿಂತೆ. ಅಲ್ಲಿ ಹೊಸ ತೊಂದರೆ. ಅಜ್ಜಿಯ ಎಡಭುಜ ಒಂದು ಅಳತೆ, ಬಲಭುಜ ಇನ್ನೊಂದು. ನಾನು ಟೇಪು ತಪ್ಪು ಹಿಡಿದೆನೆಂದು ಮೂರು ಸಲ ತೆಗೆದೆ. ಮೂರು ಸಲವೂ ಎಡಭುಜ ಒಂದು ಅಂಗುಲ ಕೆಳಗೆ. ಗಣಿತದಲ್ಲಿ ಫೇಲಾದವಳು ನಾನು, ನನ್ನ ಲೆಕ್ಕದ ಮೇಲೆ ನನಗೇ ನಂಬಿಕೆಯಿಲ್ಲ. ಟೀಚರು ಆ ವಾರ ಊರಿನಲ್ಲಿರಲಿಲ್ಲ. ಪೇಟೆಯಲ್ಲಿ ಬಟ್ಟೆ ಅಂಗಡಿಯ ಜಗುಲಿಯ ಮೇಲೆ ಮಿಷನ್ ಇಟ್ಟುಕೊಂಡಿದ್ದ ವಯಸ್ಸಾದ ದರ್ಜಿ ಸಾಬರ ಹತ್ತಿರ ಹೋಗಿ ಟೇಪು ತೋರಿಸಿದೆ.

"ಸಾಬ್ರೇ, ಇದು ಕೆಟ್ಟಿದೆಯಾ ನೋಡಿ."

ಅವರು ಟೇಪನ್ನು ತಮ್ಮದರ ಪಕ್ಕ ಹಿಡಿದು ನೋಡಿದರು. "ಟೇಪು ಸರಿಯಾಗಿದೆಯಮ್ಮ. ಯಾರ ಅಳತೆ?"

"ನಮ್ಮಜ್ಜೀದು. ಎರಡು ಭುಜ ಎರಡು ಥರ ಬರ್ತಿದೆ."

ಅವರು ಕಣ್ಣು ಮೇಲೆತ್ತಿದರು. "ನಿಮ್ಮಜ್ಜಿ ಬಿಂದಿಗೆ ಯಾವ ಸೊಂಟದ ಮೇಲೆ ಇಟ್ಕೊಳ್ತಾರೆ?"

ಯೋಚಿಸಿದೆ. ಎಡ. ನಾನು ಕಂಡಾಗಿನಿಂದಲೂ ಎಡ.

"ಐವತ್ತು ವರ್ಷ ನೀರು ಹೊತ್ತಿದಾರೆ ಅಮ್ಮಾ ಅವ್ರು. ಭುಜ ಇಳಿದೇ ಇಳಿಯುತ್ತೆ. ನೀನು ಬಟ್ಟೆ ಎರಡು ಮಡಿಕೆ ಹಾಕಿ ಒಟ್ಟಿಗೆ ಕತ್ತರಿಸಬೇಡ. ಎಡದ್ದು ಬೇರೆ ಕತ್ತರಿಸು, ಬಲದ್ದು ಬೇರೆ. ಪುಸ್ತಕದಲ್ಲಿ ಇದು ಬರೆದಿರಲ್ಲ."

ಮನೆಗೆ ಬಂದು ಅಜ್ಜಿಯ ಹಿಂದೆ ಸುಮ್ಮನೆ ನಿಂತು ನೋಡಿದೆ. ದಿನಾ ನೋಡುವ ಬೆನ್ನೇ. ಅದು ಒಂದು ಕಡೆಗೆ ವಾಲಿರುವುದು ಅವತ್ತಿನವರೆಗೆ ಕಂಡಿರಲಿಲ್ಲ. ಅಷ್ಟರಲ್ಲಿ ಅಜ್ಜಿಯೇ ತಿರುಗಿ, "ಏನೇ ನೋಡ್ತಾ ಇದೀಯ, ಹುಳ ಐತಾ?" ಎಂದು ಬೆನ್ನು ಕೊಡವಿಕೊಂಡರು.

ಕಾಫಿ ಬಣ್ಣದ ಚೌಕಳಿ ಕೈಮಗ್ಗದ ಬಟ್ಟೆ ತಂದು, ಎರಡು ಭುಜ ಬೇರೆಬೇರೆಯಾಗಿ ಕತ್ತರಿಸಿ, ಎರಡು ವಾರ ಹೊಲಿದೆ. ತೊಟ್ಟ ದಿನ ಅಜ್ಜಿ ಎರಡೂ ಕೈ ಮೇಲೆತ್ತಿ, ಇಳಿಸಿ, ಮತ್ತೆ ಎತ್ತಿ, "ಇದೇನೇ, ಮೈಮೇಲೆ ಇದ್ದಂಗೇ ಇಲ್ಲ" ಎಂದರು. ನನಗೆ ಅದು ದೂರೋ ಹೊಗಳಿಕೆಯೋ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

ಚಿಕ್ಕಬಳ್ಳಾಪುರದ ಹಾಲು ತುಂಬಿತ್ತು. ಉಳಿದ ಊರುಗಳ ಹುಡುಗಿಯರು ಒಬ್ಬರಿಗಿಂತ ಒಬ್ಬರು ಚೆಂದ. ತಲೆ ತಗ್ಗಿಸಿ, ನೆಲದ ಮೇಲೆ ಮೊಟ್ಟೆ ಹರಡಿದೆಯೇನೋ ಎಂಬಂತೆ ಹೆಜ್ಜೆಯಿಟ್ಟು, ವೇದಿಕೆಯ ಈ ತುದಿಯಿಂದ ಆ ತುದಿಗೆ ಹೋಗಿ ಮರೆಯಾಗುತ್ತಿದ್ದರು. ನಮ್ಮ ಸರದಿ ಬಂತು. ಟೀಚರು ಅಜ್ಜಿಯ ಕಿವಿಯಲ್ಲಿ, "ಅಮ್ಮಾ, ಮೆಲ್ಲಗೆ ನಡೀರಿ, ಆ ಕಡೆ ಬಾಗಿಲಿಂದ ಹೊರಗೆ ಬಂದ್ಬಿಡಿ" ಎಂದರು.

ಅಜ್ಜಿ ತೋಟಕ್ಕೆ ನುಗ್ಗಿದ ದನ ಅಟ್ಟಲು ಹೋಗುವ ಹಾಗೆ ನಡೆದರು. ಆ ಕಡೆಯ ಬಾಗಿಲಿಗೆ ಹೋಗಲಿಲ್ಲ. ವೇದಿಕೆಯ ನಡುವೆ ತಿರುಗಿ ಮೂರು ಮೆಟ್ಟಿಲಿಳಿದು ನೇರವಾಗಿ ತೀರ್ಪುಗಾರರ ಮೇಜಿಗೆ ಹೋದರು. ಅಲ್ಲಿ ಮೂವರು ಹೆಂಗಸರು ಕೂತಿದ್ದರು. ಅಜ್ಜಿ ಖಾಲಿಯಿದ್ದ ನಾಲ್ಕನೆಯ ಕುರ್ಚಿ ಎಳೆದುಕೊಂಡು ಕೂತರು.

ನಾನು ವೇದಿಕೆಯ ಪಕ್ಕದಲ್ಲಿ ನಿಂತು, ಬಾಯಿಪಾಠ ಮಾಡಿದ್ದನ್ನು ಒಪ್ಪಿಸಲು ಶುರುಮಾಡಿದ್ದೆ. "ಈ ಉಡುಪಿನ ವೈಶಿಷ್ಟ್ಯ ಏನೆಂದರೆ..." ನನ್ನ ಕಡೆ ಯಾರೂ ನೋಡುತ್ತಿರಲಿಲ್ಲ.

"ಇದೇನಜ್ಜಿ, ಹೊಸ ಥರ ರವಿಕೆ?" ಎಂದು ನಡುವಿನ ತೀರ್ಪುಗಾರರು ಕೇಳಿದರು.

"ಜೇಬೈತೆ" ಎಂದು ಅಜ್ಜಿ ಸೆರಗು ಸರಿಸಿ ತೋರಿಸಿದರು. ಬರೀ ತೋರಿಸಿ ಸುಮ್ಮನಾಗಲಿಲ್ಲ. ಒಂದೊಂದಾಗಿ ತೆಗೆದು ಮೇಜಿನ ಮೇಲೆ ಇಡತೊಡಗಿದರು. ಎಲೆಯ ಕಟ್ಟು. ಅಡಿಕೆ. ಸುಣ್ಣದ ಡಬ್ಬಿ. ಮನೆಯ ಬೀಗದಕೈ. ಬೆಳಗಿನ ಬಸ್ಸಿನ ಟಿಕೀಟು. ಅರ್ಧ ಚಕ್ಕುಲಿ. ಕಾಲುನೋವಿಗೆ ಹಚ್ಚುವ ಮುಲಾಮು. ಮತ್ತೊಂದು ಅರ್ಧ ಚಕ್ಕುಲಿ. ನಾನು ಎರಡು ವಾರದಿಂದ ಹುಡುಕುತ್ತಿದ್ದ ಬೆರಳಿಗೆ ಸೂಜಿ ಚುಚ್ಚದಂತೆ ತೊಡುವ ನನ್ನ ಅಂಗುಸ್ತಾನ. ಒಂದೊಂದು ಹೊರಬಂದಾಗಲೂ ಹಾಲಿನಲ್ಲಿ ನಗು ಏರುತ್ತಿತ್ತು.

ಎಲ್ಲ ಮುಗಿದ ಮೇಲೆ ಅಜ್ಜಿ ಆ ತೀರ್ಪುಗಾರರನ್ನೇ ಮೇಲಿಂದ ಕೆಳಗೆ ನೋಡಿದರು. ಅವರ ಪೆನ್ನು ತುರುಬಿನಲ್ಲಿ ಸಿಕ್ಕಿತ್ತು, ಕರವಸ್ತ್ರ ಸೊಂಟದಲ್ಲಿತ್ತು, ಪರ್ಸು ಕಂಕುಳಲ್ಲಿತ್ತು.

"ನಿನಗೆ ಜೇಬಿಲ್ವಾ ತಾಯಿ?"

"ಇಲ್ಲಜ್ಜಿ."

"ನೋಡು, ಪಾಪ. ಇಷ್ಟು ಓದಿದೀಯ" ಎಂದು ಅಜ್ಜಿ ಮರುಕಪಟ್ಟು, ಅಲ್ಲೇ ಎಲೆಗೆ ಸುಣ್ಣ ಹಚ್ಚಿ, ಮಡಿಸಿ, ಮೂವರಿಗೂ ಒಂದೊಂದು ಕೊಟ್ಟರು. ಹಿರಿಯರು ಕೊಟ್ಟದ್ದನ್ನು ಬೇಡವೆನ್ನಲಾಗದೆ ಮೂವರೂ ಬಾಯಿಗೆ ಹಾಕಿಕೊಂಡರು. ಮುಂದಿನ ಹುಡುಗಿಯ ಹೆಸರು ಕರೆಯಬೇಕಿದ್ದವರು ಬಾಯಿ ತುಂಬ ಎಲೆಯಿದ್ದದ್ದರಿಂದ ಬಾ ಎಂದು ಕೈಸನ್ನೆ ಮಾಡಿದರು. ಅವಳು ಅದನ್ನು ಹೋಗು ಎಂದುಕೊಂಡು ಹೋಗಿಯೇಬಿಟ್ಟಳು. ಮತ್ತೆ ಕರೆತರಲು ಇಬ್ಬರು ಓಡಬೇಕಾಯಿತು.

ಮೊದಲ ಬಹುಮಾನ ಅವಳಿಗೇ ಬಂತು. ಅವಳ ಕೆಲಸ ನಿಜಕ್ಕೂ ಸೊಗಸಾಗಿತ್ತು, ಆ ಮಾತು ಹೇಳಲೇಬೇಕು. ನನಗೆ ವಿಶೇಷ ಬಹುಮಾನ ಎಂದು ಒಂದು ದೊಡ್ಡ ಕತ್ತರಿ ಕೊಟ್ಟರು. ನಡುವಿನ ತೀರ್ಪುಗಾರರು ಅಜ್ಜಿಯ ಬೆನ್ನ ಹಿಂದೆ ಬಂದು ಭುಜದ ಹೊಲಿಗೆಯ ಮೇಲೆ ಬೆರಳಾಡಿಸಿ, ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು. "ಎರಡನ್ನೂ ಬೇರೆಬೇರೆ ಕತ್ತರಿಸಿದೀಯಾ?" ಹೌದೆಂದೆ. "ಯಾರು ಹೇಳಿಕೊಟ್ರು?" ಸಾಬರ ವಿಷಯ ಹೇಳಿದೆ. ಅವರು ತಲೆಯಾಡಿಸಿದರು. ಅವರ ಹಲ್ಲು ಇನ್ನೂ ಕೆಂಪಗಿತ್ತು.

ಕತ್ತರಿಯನ್ನು ವೇದಿಕೆಯ ಮೇಲೆ ಕೈಚಾಚಿ ತೆಗೆದುಕೊಂಡವರು ಅಜ್ಜಿ. ವಾಪಸು ಕೊಡಲಿಲ್ಲ. "ನಡೆದೋಳು ನಾನಲ್ವಾ?" ಎಂದರು. ಟೀಚರು ನ್ಯಾಯ ಹೇಳಲು ಹೋಗಿ ಸೋತರು. ಅಂಥ ಒಳ್ಳೆಯ ಕತ್ತರಿ ಹಿತ್ತಿಲ ಕೋಣೆ ಸೇರಿತು. ಮರಿಹುಳಗಳಿಗೆ ಹಿಪ್ಪುನೇರಳೆ ಎಲೆಯನ್ನು ಸಣ್ಣಗೆ ಕತ್ತರಿಸಲು ಅಷ್ಟು ಹಗುರವಾದದ್ದು ಇನ್ನೊಂದಿಲ್ಲ ಎಂದು ಅಜ್ಜಿ ಬಂದವರಿಗೆಲ್ಲ ಆಡಿಸಿ ತೋರಿಸುತ್ತಿದ್ದರು.

ಬಂದವರು ಕತ್ತರಿ ನೋಡುತ್ತಿರಲಿಲ್ಲ, ಜೇಬು ನೋಡುತ್ತಿದ್ದರು. ಮೊದಲು ಎದುರುಮನೆಯ ಮುದುಕಿ ಬಂದರು. ಆಮೇಲೆ ಅವರ ವಾರಗಿತ್ತಿ. ತಿಂಗಳೊಳಗೆ ನಮ್ಮ ಜಗುಲಿಯ ಮೇಲೆ ಅಜ್ಜಿಯರ ಸಾಲೇ ನಿಂತಿತು. ಯಾರೂ ಹಣ ಕೊಡುವ ಮಾತಾಡಲಿಲ್ಲ. ಅವರೆಕಾಯಿ ತಂದರು, ಹುರುಳಿ ತಂದರು, ಒಬ್ಬರು ಕೋಳಿಯನ್ನೇ ತಂದು ಕಟ್ಟಿಹಾಕಿ ಹೋದರು. ಪ್ರತಿಯೊಬ್ಬರ ಭುಜವೂ ಬೇರೆ, ಬೆನ್ನೂ ಬೇರೆ. ಹೊಲದಲ್ಲಿ ಬಗ್ಗಿದವರು, ಮಕ್ಕಳನ್ನು ಹೊತ್ತವರು, ನೂಲು ತೆಗೆಯುವ ಚರಕದ ಮುಂದೆ ಒಂದೇ ಮಗ್ಗುಲಿಗೆ ಕೂತವರು. ಅಳತೆ ತೆಗೆಯುತ್ತಾ ತೆಗೆಯುತ್ತಾ ನನಗೆ ಭಿನ್ನರಾಶಿ ಬಂದುಬಿಟ್ಟಿತು. ಮುಂದಿನ ಬಾರಿ ಗಣಿತ ಪಾಸಾಯಿತು. ಅಪ್ಪ ಅದನ್ನು ತಾವು ಹೇಳಿಕೊಟ್ಟದ್ದರ ಫಲ ಎಂದೇ ಕೊನೆಯವರೆಗೆ ನಂಬಿದ್ದರು.

ಎದುರುಮನೆಯ ಮುದುಕಿ ಮಾತ್ರ ಹದಿನೈದು ದಿನಕ್ಕೆ ರವಿಕೆ ವಾಪಸು ತಂದರು. ಮುಖ ಗಂಟಿಕ್ಕಿತ್ತು.

"ಏನಾಯ್ತಜ್ಜಿ? ಬಿಗಿಯಾಯ್ತಾ?"

"ಬಿಗಿ ಅಲ್ಲಮ್ಮ. ಜೇಬು ಸಾಲ್ದು. ನನ್ ಸೊಸೆ ಬೆಲ್ಲದ ಡಬ್ಬಕ್ಕೆ ಬೀಗ ಹಾಕ್ತಾಳೆ, ತೆಗ್ದಾಗ್ಲೇ ಎತ್ತಿಟ್ಕೋಬೇಕು. ಅರ್ಧ ಅಚ್ಚು ಹ್ಯಾಗೋ ಹಿಡೀತೈತೆ, ಪೂರ್ತಿ ಅಚ್ಚು ಹಿಡಿಯಂಗಿಲ್ಲ."

ನಾನು ಜೇಬಿನ ಹೊಲಿಗೆ ಬಿಚ್ಚಿ, ಅಡುಗೆಮನೆಯಿಂದ ಒಂದು ಪೂರ್ತಿ ಅಚ್ಚು ಬೆಲ್ಲ ತಂದು, ಟೇಪು ಹಿಡಿದು ಅದರ ಸುತ್ತಳತೆ ಬರೆದುಕೊಂಡೆ.